ಕಾಲಿಗೆ ಇಳಿಯುವ ‘ವಾಯು’ ಗ್ಯಾಸ್ ಅಲ್ಲ

ಅವರೆಕಾಯಿ ಕಾಲ ಬಂದರೆ ನಮ್ಮ ಚಿಂತಾಮಣಿಯ ಮನೆಗಳಲ್ಲಿ ಎರಡು ವಾಸನೆ ಒಟ್ಟಿಗೆ ಏಳುತ್ತವೆ. ಒಂದು ಹಿತಕಿದ ಬೇಳೆ ಸಾರಿನದು, ಇನ್ನೊಂದು ನೋವಿನ ಎಣ್ಣೆಯದು. ಎರಡಕ್ಕೂ ನಂಟು ಹಾಕುವುದು ಒಂದೇ ಮಾತು: “ಅವರೆ ವಾಯು ಕಣಮ್ಮ, ಕಾಲಿಗೆ ಇಳಿದುಬಿಡುತ್ತೆ.”

ಇದನ್ನು ಎಷ್ಟೋ ವರ್ಷದಿಂದ ಕೇಳಿ ಸುಮ್ಮನಿದ್ದೆ. ಮೊನ್ನೆ ಮೆಡಿಕಲ್ ಶಾಪಿನಲ್ಲಿ ನನ್ನ ಮುಂದೆ ನಿಂತಿದ್ದ ಹೆಂಗಸಿನ ಎಡಗಾಲ ಗಿಣ್ಣು ಊದಿಕೊಂಡು, ಕಾಲ್ಚೈನು ಚರ್ಮದೊಳಗೆ ಹೂತಂತಿತ್ತು. “ಕಾಲ್ಗೆ ಗ್ಯಾಸ್ ಇಳಿದ್ಬಿಟ್ಟಿದೆ, ಒಂದು ನಾಕು ಗ್ಯಾಸ್ ಮಾತ್ರೆ ಕೊಡಪ್ಪ” ಅಂದರು. ಅವನು ಕತ್ತರಿಸಿ ಕೊಟ್ಟೇಬಿಟ್ಟ. ವಾಯು ಅನ್ನುವುದು ಹೋಗಿ ನೇರವಾಗಿ ಗ್ಯಾಸೇ ಆಗಿದೆ ಈಗ. ಇನ್ನು ಬರೆಯದೆ ಇರಲು ಆಗಲಿಲ್ಲ.

ವಾತ, ವಾಯು ಎರಡೂ ಸಂಸ್ಕೃತದ ‘ವಾ’ ಅನ್ನುವ ಒಂದೇ ಧಾತುವಿನಿಂದ ಬಂದವು. ಬೀಸು, ಚಲಿಸು ಅನ್ನುವುದು ಅದರ ಅರ್ಥ. ಆಯುರ್ವೇದ ಈ ಪದವನ್ನು ಹಿಡಿದದ್ದು ಚಲನೆಗಾಗಿ, ಹೊಟ್ಟೆಯುಬ್ಬರಕ್ಕಾಗಿ ಅಲ್ಲ. ಅಲ್ಲಿ ವಾಯು ಐದು: ಪ್ರಾಣ, ಅಪಾನ, ವ್ಯಾನ, ಉದಾನ, ಸಮಾನ. ಅವರೆಕಾಳು ತಿಂದ ರಾತ್ರಿ ನಮ್ಮನ್ನು ಮುಜುಗರಕ್ಕೆ ಸಿಕ್ಕಿಸುವುದು ಅಪಾನದ ಬಾಬತ್ತು. ಕೈಕಾಲು ಆಡಿಸುವುದು ವ್ಯಾನದ ಕೆಲಸ. ಇವೆರಡನ್ನೂ ಕಲಸಿ ‘ಗ್ಯಾಸ್’ ಅಂದರೆ ಆ ಹಳೇ ಶಾಸ್ತ್ರಕ್ಕೂ ನ್ಯಾಯ ಆಗಲಿಲ್ಲ, ಇವತ್ತಿನ ವೈದ್ಯಕ್ಕೂ ಆಗಲಿಲ್ಲ.

ನಂಬಿಕೆ ಬರಲಿಲ್ಲವಾ? ಪಾರ್ಶ್ವವಾಯು ಹೊಡೆದವರಿಗೆ ಯಾರಾದರೂ ಜೀರಾ ಸೋಡಾ ಕುಡಿಸುತ್ತಾರಾ? ಧನುರ್ವಾಯುವಿಗೆ ಓಮದ ನೀರು ಕೊಡುತ್ತಾರಾ? ಅಲ್ಲೆಲ್ಲ ವಾಯು ಅಂದರೆ ಹೊಟ್ಟೆಯ ಗಾಳಿ ಅಲ್ಲ ಅಂತ ಎಲ್ಲರಿಗೂ ಗೊತ್ತು. ಕೀಲುವಾಯು ಅಂದ ತಕ್ಷಣ ಮಾತ್ರ ಎಲ್ಲ ಮರೆತುಹೋಗುತ್ತದೆ.

ಹೆಸರಿಡುವಾಗ ಎಡವಿದವರು ನಾವೊಬ್ಬರೇ ಅಲ್ಲ ಬಿಡಿ. ಕೀಲುನೋವಿಗೆ ಇಂಗ್ಲಿಷಿನಲ್ಲಿ ಹೇಳುವ ರುಮಾಟಿಸಂ ಅನ್ನುವ ಪದ ಗ್ರೀಕಿನ ‘ರ್‍ಯೂಮಾ’ದಿಂದ ಬಂದದ್ದು. ಹಾಗೆಂದರೆ ಹರಿವು. ಮೈಯೊಳಗಿನ ಕೆಟ್ಟ ರಸ ಹರಿದು ಕೀಲಿಗೆ ಸೇರುತ್ತದೆ ಅಂತ ಅವರು ನಂಬಿದ್ದರು. ಹೆಬ್ಬೆರಳ ಕೀಲು ಊದಿಸುವ ಗೌಟ್ ಅನ್ನುವ ಕಾಯಿಲೆಯ ಹೆಸರೂ ಲ್ಯಾಟಿನ್ನಿನ ‘ಗುಟ್ಟಾ’, ಅಂದರೆ ಹನಿ. ಅವರಿಗೆ ನೀರು, ನಮಗೆ ಗಾಳಿ. ನಮ್ಮವರು ಗೌಟನ್ನು ಹೋಲುವ ರೋಗಕ್ಕೆ ವಾತರಕ್ತ ಅಂದರು, ಅದು ಪಾದದಿಂದ ಶುರುವಾಗುತ್ತದೆ ಅಂತಲೂ ಗುರುತಿಸಿದರು. ಅದಕ್ಕೆ ಆಢ್ಯವಾತ ಅಂತ ಇನ್ನೊಂದು ಹೆಸರು. ಆಢ್ಯ ಅಂದರೆ ಸಿರಿವಂತ. ಉಂಡು ಕೂತವರ ಕಾಯಿಲೆ ಅನ್ನುವ ಕೊಂಕು ಹೆಸರಲ್ಲೇ ಇದೆ.

ನನ್ನ ಕೇಳಿದರೆ ಇವೆಲ್ಲಕ್ಕಿಂತ ‘ಕೀಲು’ ಒಳ್ಳೆಯ ಪದ. ಗೂಟ, ಆಣಿ ಅನ್ನುವ ‘ಕೀಲ’ದಿಂದ ಬಂದದ್ದು. ಗಾಡಿಗೆ ಕೀಲೆಣ್ಣೆ ಹಾಕಿದವರಿಗೆ ಸವೆತ ಅಂದರೇನು ಅಂತ ಬಿಡಿಸಿ ಹೇಳಬೇಕಿಲ್ಲ. ನಮ್ಮ ಕಡೆ ತೆಲುಗು ಮಾತಾಡುವ ಮನೆಗಳಲ್ಲೂ ‘ಕೀಳ್ಳ ನೊಪ್ಪುಲು’ ಅಂತಲೇ ಅನ್ನುತ್ತಾರೆ. ಅಲ್ಲಿಗೆ ನಿಲ್ಲಿಸಿದ್ದರೆ ಸಾಕಿತ್ತು, ಹಿಂದೆ ವಾಯು ಸೇರಿಸಿ ಕೆಡಿಸಿಕೊಂಡೆವು.

ಒಂದು ಪಾದದಲ್ಲಿ 26 ಮೂಳೆ, ಮೂವತ್ತಕ್ಕೂ ಜಾಸ್ತಿ ಕೀಲು. ಎಲ್ಲದರ ನೋವಿಗೂ ಒಂದೇ ಹೆಸರಿಟ್ಟರೆ ಮದ್ದು ತಪ್ಪುತ್ತದೆ. ರಾತ್ರೋರಾತ್ರಿ ಹೆಬ್ಬೆರಳ ಬುಡ ಕೆಂಪಾಗಿ ಊದಿ, ಹೊದಿಕೆ ತಗುಲಿದರೂ ಪ್ರಾಣ ಹೋದಂತಾದರೆ ಗೌಟ್ ಇರಬಹುದು. ಯೂರಿಕ್ ಆಸಿಡ್ ಹರಳುಗಟ್ಟಿ ಮಾಡುವ ಕೆಲಸ ಅದು. ನೋವು ಜೋರಾಗಿರುವಾಗ ರಕ್ತಪರೀಕ್ಷೆಯಲ್ಲಿ ಯೂರಿಕ್ ಆಸಿಡ್ ಸರಿಯಾಗಿಯೇ ಕಾಣಬಹುದು, ಅಷ್ಟಕ್ಕೇ ಗೌಟ್ ಅಲ್ಲ ಅನ್ನುವಂತಿಲ್ಲ. ಅದನ್ನು ಕೆರಳಿಸುವುದರಲ್ಲಿ ಬಿಯರು, ಲಿವರು, ಮಾಂಸ ಮುಂದು. ಅವರೆಕಾಳು ಪಾಪ, ಸುಮ್ನೆ ಬೈಸಿಕೊಳ್ಳುತ್ತದೆ. ಎರಡೂ ಪಾದದ ಬೆರಳಿನ ಬುಡಗಳು ಒಟ್ಟಿಗೆ ನೋಯುತ್ತಾ, ಬೆಳಗ್ಗೆ ಎದ್ದು ಗಂಟೆ ಕಳೆದರೂ ಬಿಗಿತ ಬಿಡದಿದ್ದರೆ ರುಮಟಾಯ್ಡ್ ಅನ್ನುವ ಕೀಲುಗಳ ಉರಿಯೂತ ಇರಬಹುದು, ತಡಮಾಡಬಾರದು. ಬೆಳಗಿನ ಮೊದಲ ಹೆಜ್ಜೆಗೆ ಹಿಮ್ಮಡಿ ಚುಚ್ಚುವುದು ಸಾಮಾನ್ಯವಾಗಿ ಕೀಲಿನ ಕಾಯಿಲೆಯೇ ಅಲ್ಲ, ಪಾದದಡಿಯ ಪಟ್ಟಿಯ ನೋವು. ಪಾವಗಡ, ಬಾಗೇಪಲ್ಲಿ ಕಡೆಯವರು ಇನ್ನೊಂದು ನೋಡಬೇಕು. ಫ್ಲೋರೈಡ್ ಜಾಸ್ತಿ ಇರುವ ಬೋರ್‌ವೆಲ್ ನೀರನ್ನು ವರ್ಷಗಟ್ಟಲೆ ಕುಡಿದವರ ಮೂಳೆ, ಕೀಲು ಬಿಗಿಯುತ್ತವೆ. ಅದಕ್ಕೂ ‘ವಾಯು’ ಅಂತಲೇ ಎಣ್ಣೆ ತಿಕ್ಕುತ್ತಾರೆ.

ಗಿಣ್ಣಿನ ಕಥೆ ಬೇರೆ. ಮಂಡಿಯ ಹಾಗೆ ಅದು ವಯಸ್ಸಾಯಿತು ಅಂತ ತಾನಾಗಿ ಸವೆಯುವುದು ಕಮ್ಮಿ. ಬಹುಪಾಲು ಹಳೇ ಪೆಟ್ಟೋ ಉಳುಕೋ ಇರುತ್ತದೆ. ಆ ಹೆಂಗಸನ್ನು ಕೇಳಿದೆ, “ಯಾವಾಗಾದ್ರೂ ಕಾಲು ಹೊರಳಿತ್ತಾ ಅಕ್ಕಾ?” ಎಂಟು ವರ್ಷದ ಹಿಂದೆ ತೋಟದ ಬದುವಿನ ಮೇಲೆ ಜಾರಿದ್ದರಂತೆ. ನಾಟಿ ಕಟ್ಟು ಹಾಕಿಸಿಕೊಂಡು ಹದಿನೈದೇ ದಿನಕ್ಕೆ ಟೊಮೇಟೊ ಕೀಳಲು ಹೋಗಿದ್ದರಂತೆ.

ಇಂಥ ಸವೆತವನ್ನು ಹಿಂದಕ್ಕೆ ತಿರುಗಿಸುವ ಮಾತ್ರೆ ಇಲ್ಲ, ಹದವಾಗಿ ಇಟ್ಟುಕೊಳ್ಳಬಹುದು ಅಷ್ಟೆ. ಡಾಕ್ಟರು ಸಾಮಾನ್ಯವಾಗಿ ನಿಲ್ಲಿಸಿಯೇ ಎಕ್ಸ್‌ರೇ ತೆಗೆಸುತ್ತಾರೆ, ಭಾರ ಬಿದ್ದಾಗಲೇ ಕೀಲಿನ ಸಂದು ಎಷ್ಟು ಉಳಿದಿದೆ ಅಂತ ತಿಳಿಯುವುದು. ಸವೆದ ಹವಾಯಿ ಚಪ್ಪಲಿ ಬಿಟ್ಟು ಮುಂದೆ ಅಗಲವಿರುವ, ಅಟ್ಟೆ ಗಟ್ಟಿಯಿರುವ, ಹಿಂದೆ ಪಟ್ಟಿಯಿರುವ ಚಪ್ಪಲಿ ಹಾಕಬೇಕು. ಮೀನಖಂಡ ಎಳೆಯುವ ವ್ಯಾಯಾಮ, ಬೇಕಾದರೆ ಗಿಣ್ಣಿಗೆ ಪಟ್ಟಿ, ತೂಕ ಜಾಸ್ತಿ ಇದ್ದರೆ ಇಳಿಸುವುದು. ನೋವಿನ ಮಾತ್ರೆಯನ್ನು ಅಂಗಡಿಯಲ್ಲಿ ಕೇಳಿ ದಿನಾ ನುಂಗಿದರೆ ಹೊಟ್ಟೆ, ಕಿಡ್ನಿ ಎರಡಕ್ಕೂ ಪೆಟ್ಟು.

ಇಷ್ಟೆಲ್ಲ ಅವರಿಗೆ ಹೇಳಲು ಅಂಗಡಿ ಮುಂದೆ ಜಾಗ ಇರಲಿಲ್ಲ. ಮೂಳೆ ಡಾಕ್ಟರಿಗೆ ತೋರಿಸಿ, ಆ ಹಳೇ ಉಳುಕನ್ನು ಮರೆಯದೆ ಹೇಳಿ ಅಂದೆ. ಆಗಲಿ ಅಂತ ತಲೆಯಾಡಿಸಿ ಎರಡು ಹೆಜ್ಜೆ ಹೋದವರು ತಿರುಗಿ ಕೇಳಿದರು: “ಹಂಗಾದ್ರೆ ಅವರೆಕಾಳು ತಿನ್ಬೋದಾ?”