ತಣ್ಣಗಿದ್ದಾಗಲೂ ಹಿಡಿಯಬೇಕು

ಹಿಂದಿನ ದಿನ ಸಂಜೆಯಷ್ಟೇ ಹೊಸ ಬ್ರೇಕ್ ಪ್ಯಾಡ್ ಹಾಕಿದ್ದೆ. ರೇಸ್ ಓಡಿಸುವವರು ಬಳಸುವಂಥದ್ದು. 800 ಡಿಗ್ರಿ ಸೆಲ್ಸಿಯಸ್‌ವರೆಗೂ ಜಗ್ಗುವುದಿಲ್ಲ ಅಂತ ಡಬ್ಬದ ಮೇಲೆ ದೊಡ್ಡದಾಗಿ ಬರೆದಿತ್ತು. ನನ್ನದು ಎರಡೇ ಸೀಟಿನ ಪುಟ್ಟ ಸ್ಪೋರ್ಟ್ಸ್ ಕಾರು. ಅದಕ್ಕೆ ಇಷ್ಟಾದರೂ ಮರ್ಯಾದೆ ಬೇಡವೇ ಅಂದುಕೊಂಡಿದ್ದೆ. ಮರುದಿನ ಬೆಳಿಗ್ಗೆ ಒಳ್ಳೇ ಚಳಿ. ಮನೆಯಿಂದ ಹೊರಟು ಮೊದಲ ತಿರುವಿನಲ್ಲಿ ಬ್ರೇಕ್ ಒತ್ತಿದರೆ ಕಾರು ನಿಧಾನವಾಗಲು ಒಪ್ಪಲೇ ಇಲ್ಲ. ಪೆಡಲ್ ಕಲ್ಲಿನ ಹಾಗೆ ಗಟ್ಟಿಯಾಗಿತ್ತು. ಕಾಲಲ್ಲಿದ್ದ ಬಲವನ್ನೆಲ್ಲ ಹಾಕಿದ ಮೇಲೆ ನಿಂತಿತು, ಮುಂದಿದ್ದ ಸೈಕಲ್ಲಿಗೆ ಒಂದು ಮಾರು ದೂರದಲ್ಲಿ.

ಪ್ಯಾಡಿನಲ್ಲಿ ದೋಷವೇನೂ ಇರಲಿಲ್ಲ. ಅದಿನ್ನೂ ನಿದ್ದೆಯಿಂದ ಎದ್ದಿರಲಿಲ್ಲ, ಅಷ್ಟೇ. ಡಬ್ಬದ ಮೇಲೆ ಗರಿಷ್ಠ ಬಿಸಿ ಎಷ್ಟು ಅಂತ ಬರೆದಿದ್ದರು. ಕನಿಷ್ಠ ಎಷ್ಟು ಬೇಕು ಅಂತ ನಾನೂ ಕೇಳಿರಲಿಲ್ಲ.

ಬ್ರೇಕ್ ಅಂದರೆ ಓಟವನ್ನು ಬಿಸಿಯಾಗಿ ಬದಲಾಯಿಸುವ ಯಂತ್ರ. 1500 ಕಿಲೋ ತೂಕದ ಕಾರು ಗಂಟೆಗೆ 100 ಕಿಲೋಮೀಟರ್ ವೇಗದಲ್ಲಿ ಹೋಗುತ್ತಿದೆ ಅನ್ನಿ. ಅದರ ಓಟದಲ್ಲಿ ಸುಮಾರು 580 ಕಿಲೋಜೂಲ್ ಶಕ್ತಿ ಅಡಗಿರುತ್ತದೆ. ಸುಮಾರು ಒಂದೂಮುಕ್ಕಾಲು ಲೀಟರ್ ತಣ್ಣೀರನ್ನು ಕುದಿಯುವ ಮಟ್ಟಕ್ಕೆ ತರಲು ಇಷ್ಟು ಶಕ್ತಿ ಸಾಕು. ಒಲೆಯ ಮೇಲೆ ಹತ್ತು ನಿಮಿಷವಾದರೂ ಹಿಡಿಯುವ ಕೆಲಸವದು. ಬ್ರೇಕ್ ಅದನ್ನು ಮೂರು ಸೆಕೆಂಡಿನಲ್ಲಿ ಮುಗಿಸುತ್ತದೆ. ವೇಗ ಎರಡು ಪಟ್ಟಾದರೆ ಶಕ್ತಿ ನಾಲ್ಕು ಪಟ್ಟಾಗುತ್ತದೆ. ರಸ್ತೆಗೂ ರೇಸ್ ಟ್ರ್ಯಾಕಿಗೂ ಇರುವ ಅಜಗಜಾಂತರ ಇಲ್ಲೇ ಶುರುವಾಗುವುದು.

ಈ ಬಿಸಿಯಲ್ಲಿ ಹೆಚ್ಚಿನ ಪಾಲು ಎರಕದ ಕಬ್ಬಿಣದ ಡಿಸ್ಕಿಗೆ ಹೋಗುತ್ತದೆ. ಚಕ್ರದ ಜೊತೆ ತಿರುಗುವ ತಟ್ಟೆ ಅದು, ಪ್ಯಾಡು ಒತ್ತಿ ಉಜ್ಜುವುದು ಅದನ್ನೇ. ಒಂದು ಸಣ್ಣ ಲೆಕ್ಕ ಹಾಕೋಣ. ಮುಂದಿನ ಎರಡು ಡಿಸ್ಕ್ ತಲಾ 10 ಕಿಲೋ ಇವೆ, ಶೇಕಡ 70ರಷ್ಟು ಕೆಲಸ ಅವೇ ಮಾಡುತ್ತವೆ ಅಂತಿಟ್ಟುಕೊಳ್ಳಿ. 100ರ ವೇಗದಿಂದ ಒಮ್ಮೆ ನಿಂತರೆ ಡಿಸ್ಕಿನ ಬಿಸಿ ಏರುವುದು 45 ಡಿಗ್ರಿಯಷ್ಟು ಮಾತ್ರ. ಆಮೇಲೆ ಗಾಳಿಗೆ ಆರುತ್ತದೆ. ಹಾಗಾಗಿ ಊರೊಳಗಿನ ಓಡಾಟದಲ್ಲಿ ಡಿಸ್ಕು 200 ಡಿಗ್ರಿ ದಾಟುವುದೇ ಅಪರೂಪ. ಟ್ರ್ಯಾಕಿನಲ್ಲಿ ಆರುವುದಕ್ಕೆ ಪುರುಸೊತ್ತೇ ಇಲ್ಲ. ಒಂದರ ಹಿಂದೊಂದು ತಿರುವು. ಅಲ್ಲಿ 500, 600 ಡಿಗ್ರಿ ಮಾಮೂಲು. ನನ್ನ ರೇಸ್ ಪ್ಯಾಡು ಅಂಥ ಬೆಂಕಿಗೆ ಹುಟ್ಟಿದ್ದು. ಅದನ್ನು ನಾನು ಚಳಿಗಾಲದ ಬೆಳಿಗ್ಗೆ ಪೇಟೆಗೆ ಕರೆದುಕೊಂಡು ಹೊರಟಿದ್ದೆ.

ಹೊಸ ಪ್ಯಾಡ್ ಕೊಳ್ಳುವವರಲ್ಲಿ ಇನ್ನೊಂದು ನಂಬಿಕೆ ಇದೆ: ಒಳ್ಳೇ ಪ್ಯಾಡ್ ಹಾಕಿದರೆ ಕಾರು ಬೇಗ ನಿಲ್ಲುತ್ತದೆ. ನಿಜ ಹೇಳಬೇಕೆಂದರೆ ಕಾರನ್ನು ನಿಲ್ಲಿಸುವುದು ಟೈರು. ಪ್ಯಾಡು ನಿಲ್ಲಿಸುವುದು ಚಕ್ರವನ್ನು. ಒಣ ರಸ್ತೆಯ ಮೇಲೆ ಟೈರಿನ ಘರ್ಷಣಾಂಕ, ಅಂದರೆ ಹಿಡಿತದ ಅಳತೆ, 1 ಇದ್ದರೆ, 100ರ ವೇಗದಿಂದ ನಿಲ್ಲಲು ಸುಮಾರು 39 ಮೀಟರ್ ಬೇಕು. ಟೈರು ಇನ್ನೂ ಚೆನ್ನಾಗಿದ್ದು ಅದು 1.2 ಆದರೆ 33 ಮೀಟರ್ ಸಾಕು. ಈ ಲೆಕ್ಕದಲ್ಲಿ ಪ್ಯಾಡಿನ ಹೆಸರೇ ಬರುವುದಿಲ್ಲ, ನೋಡಿ. ಈಗಿರುವ ಪ್ಯಾಡಿನಲ್ಲೇ ಜೋರಾಗಿ ಒತ್ತಿದಾಗ, ಚಕ್ರ ಕಚ್ಚಿಕೊಳ್ಳದಂತೆ ತಡೆಯುವ ಎಬಿಎಸ್ ಕಟಕಟ ಅನ್ನುತ್ತಿದ್ದರೆ, ಟೈರಿನ ಹಿಡಿತ ಪೂರ್ತಿ ಮುಗಿದಿದೆ ಅಂತ ಅರ್ಥ. ಅದಕ್ಕಿಂತ ಬಲವಾದ ಪ್ಯಾಡ್ ಹಾಕಿದರೂ ಒಂದು ಗೇಣೂ ಉಳಿಯುವುದಿಲ್ಲ. ಆ ದುಡ್ಡನ್ನು ಟೈರಿಗೆ ಹಾಕಿದರೆ ಉಳಿದೀತು.

ಹಾಗಾದರೆ ಪ್ಯಾಡ್ ಬದಲಿಸಿದರೆ ಸಿಗುವುದೇನು? ಮೊದಲನೆಯದು, ಪೆಡಲ್ ಒತ್ತಲು ಬೇಕಾದ ಬಲ. ಪ್ಯಾಡಿನ ಘರ್ಷಣಾಂಕ 0.4 ಇದ್ದದ್ದು 0.5 ಆದರೆ ಅಷ್ಟೇ ಒತ್ತಿಗೆ ಕಾಲು ಭಾಗ ಜಾಸ್ತಿ ಹಿಡಿತ. ಕಾಲಿಗೆ ಹಿತ, ಮನಸ್ಸಿಗೆ ಧೈರ್ಯ. ಆದರೆ ನಿಜವಾಗಿ ಕಾಸು ಕೊಡಬೇಕಾದ ಗುಣ ಬೇರೆ: ಆ ಅಂಕಿ ಎಷ್ಟು ಬಿಸಿಯಿಂದ ಎಷ್ಟು ಬಿಸಿಯವರೆಗೆ ಅಲುಗಾಡದೆ ಇರುತ್ತದೆ ಅನ್ನುವುದು. ಕೆಲವು ತಯಾರಕರು ಬಿಸಿ ಏರಿದಂತೆ ಹಿಡಿತ ಹೇಗೆ ಬದಲಾಗುತ್ತದೆ ಅಂತ ಗ್ರಾಫ್ ಕೊಡುತ್ತಾರೆ. ಎಲ್ಲರೂ ಅದರಲ್ಲಿ ಎತ್ತರದ ಗೆರೆ ಹುಡುಕುತ್ತಾರೆ. ನಾನು ಚಪ್ಪಟೆ ಗೆರೆ ಹುಡುಕುತ್ತೇನೆ. ಎಡತುದಿಯಲ್ಲಿ, ಅಂದರೆ ತಣ್ಣಗಿರುವಾಗ, ಗೆರೆ ಎಲ್ಲಿಂದ ಶುರುವಾಗುತ್ತದೆ ಅಂತ ಮೊದಲು ನೋಡುತ್ತೇನೆ. ಸೈಕಲ್ಲಿನ ಹತ್ತಿರ ಕಲಿತ ಪಾಠ.

ಪ್ಯಾಡಿನ ಒಳಗೆ ಏನಿರುತ್ತದೆ ಅನ್ನುವುದೇ ಒಂದು ಸ್ವಾರಸ್ಯದ ಕಥೆ. 19ನೇ ಶತಮಾನದ ಕೊನೆಯಲ್ಲಿ ಇಂಗ್ಲೆಂಡಿನ ಗುಡ್ಡಗಾಡಿನಲ್ಲಿ ಕುದುರೆ ಗಾಡಿಯವರು ಇಳಿಜಾರಿನಲ್ಲಿ ಚಕ್ರ ತಡೆಯಲು ಹಳೇ ಬೂಟು ಬಳಸುತ್ತಿದ್ದರು. ಅದನ್ನು ನೋಡಿ ಹರ್ಬರ್ಟ್ ಫ್ರೂಡ್ ಎಂಬಾತ ಬ್ರೇಕಿಗೆ ಉಜ್ಜುವ ಪಟ್ಟಿ ತಯಾರಿಸತೊಡಗಿದ. ಫ್ರೂಡ್ ಅನ್ನುವುದರ ಇಂಗ್ಲಿಷ್ ಅಕ್ಷರಗಳಿಗೆ ಒಂದು ‘ಇ’ ಸೇರಿಸಿ ಕಲಸಿ ಕಂಪನಿಗೆ ಇಟ್ಟ ಹೆಸರು ಫೆರೋಡೋ. 1902ರಲ್ಲಿ ಫ್ರೆಡ್ರಿಕ್ ಲ್ಯಾಂಚೆಸ್ಟರ್ ಡಿಸ್ಕ್ ಬ್ರೇಕಿಗೆ ಪೇಟೆಂಟ್ ಪಡೆದ. ಅವನ ಬ್ರೇಕಿನಲ್ಲಿ ಉಜ್ಜುತ್ತಿದ್ದದ್ದು ತಾಮ್ರ. ಲೋಹಕ್ಕೆ ಲೋಹ ತಾಗಿ ಕಿವಿ ಹರಿಯುವಂಥ ಕಿರಿಚಾಟ. ಕಲ್ನಾರು (ಆಸ್ಬೆಸ್ಟಾಸ್) ಬಂದ ಮೇಲೆ ಗದ್ದಲ ತಗ್ಗಿತು. ಬಿಸಿಗೂ ಅದು ಹೆದರುತ್ತಿರಲಿಲ್ಲ. ಆದರೆ ಅದರ ದೂಳು ಶ್ವಾಸಕೋಶ ತಿನ್ನುತ್ತದೆ ಅಂತ ಗೊತ್ತಾಗಿ ಕಲ್ನಾರು ಹೊರಬಿತ್ತು. ಆ ಜಾಗ ತುಂಬಿದ ವಸ್ತುಗಳಲ್ಲಿ ಮತ್ತೆ ತಾಮ್ರವೂ ಇತ್ತು! ಈಗ ಅದಕ್ಕೂ ಕುತ್ತು ಬಂದಿದೆ. ಪ್ಯಾಡಿನ ತಾಮ್ರದ ದೂಳು ಮಳೆನೀರಿನಲ್ಲಿ ಹೊಳೆ ಸೇರಿ ಮೀನುಗಳಿಗೆ ವಿಷವಾಗುತ್ತದೆ. ಅದಕ್ಕೇ ಅಮೆರಿಕದ ಕ್ಯಾಲಿಫೋರ್ನಿಯಾ 2010ರಲ್ಲಿ ಕಾನೂನು ಮಾಡಿತು: 2021ರಿಂದ ಹೊಸ ಪ್ಯಾಡಿನಲ್ಲಿ ತಾಮ್ರ ಶೇ. 5 ಮೀರುವಂತಿಲ್ಲ, 2025ರಿಂದ ಶೇ. 0.5 ಮೀರುವಂತಿಲ್ಲ.

ಇವತ್ತಿನ ಪ್ಯಾಡು ಹತ್ತಾರು ಪುಡಿಗಳ ಮಿಶ್ರಣ. ನಾರು, ಲೋಹದ ಪುಡಿ, ಗ್ರಾಫೈಟು, ಉಜ್ಜುವ ಹರಳು, ಇವನ್ನೆಲ್ಲ ಹಿಡಿದಿಡಲು ಫೀನಾಲಿಕ್ ರಾಳದ ಅಂಟು. ಲೋಹ ಕಡಿಮೆ ಇದ್ದರೆ ಆರ್ಗ್ಯಾನಿಕ್ ಅನ್ನುತ್ತಾರೆ. ಸದ್ದಿಲ್ಲ, ತಣ್ಣಗಿದ್ದರೂ ಹಿಡಿಯುತ್ತದೆ, ಡಿಸ್ಕಿಗೂ ಮೃದು. ಬೆಟ್ಟದ ಉದ್ದನೆಯ ಇಳಿಜಾರಿನಲ್ಲಿ ಮಾತ್ರ ಬೇಗ ಸುಸ್ತಾಗುತ್ತದೆ. ಉಕ್ಕಿನ ನಾರು ಜಾಸ್ತಿ ಇದ್ದರೆ ಸೆಮಿ ಮೆಟಾಲಿಕ್. ಬಿಸಿ ತಡೆಯುತ್ತದೆ, ಆದರೆ ದೂಳು ಮತ್ತು ಸದ್ದು ಜೊತೆಗೇ ಬರುತ್ತವೆ. ಸೆರಾಮಿಕ್ ಅಂತ ಮಾರುವವು ಸಾಮಾನ್ಯವಾಗಿ ಸದ್ದು ಮಾಡದ, ಚಕ್ರವನ್ನು ಕಪ್ಪು ಮಾಡದ ಸಜ್ಜನರು. ಆ ಹೆಸರು ನೋಡಿ ರೇಸಿನ ಕಾರ್ಬನ್ ಸೆರಾಮಿಕ್ ಡಿಸ್ಕಿನ ನೆಂಟ ಅಂದುಕೊಳ್ಳಬೇಡಿ.

ಬಿಸಿ 300 ಡಿಗ್ರಿ ದಾಟಿ ಮೇಲೇರಿದಂತೆ ಆ ರಾಳದ ಅಂಟು ಒಡೆಯತೊಡಗುತ್ತದೆ, ಅನಿಲ ಬಿಡುತ್ತದೆ, ಹಿಡಿತ ಕುಸಿಯುತ್ತದೆ. ಇದಕ್ಕೆ ಫೇಡ್ ಅಂತ ಹೆಸರು. ಆಗ ಪೆಡಲ್ ಗಟ್ಟಿಯಾಗೇ ಇರುತ್ತದೆ, ಕಾರು ಮಾತ್ರ ನಿಲ್ಲುವುದಿಲ್ಲ. ಇನ್ನೊಂದು ಬಗೆಯ ಸೋಲಿನಲ್ಲಿ ಪೆಡಲ್ಲೇ ಮೆತ್ತಗಾಗಿ ನೆಲ ಮುಟ್ಟುತ್ತದೆ. ಅದು ಪ್ಯಾಡಿನ ತಪ್ಪಲ್ಲ, ಬ್ರೇಕ್ ಆಯಿಲ್ ಕುದಿದಿದೆ. ಈ ಎಣ್ಣೆ ಗಾಳಿಯ ತೇವ ಹೀರುತ್ತದೆ. ಡಾಟ್ 4 ಎಂಬ ದರ್ಜೆಯ ಎಣ್ಣೆ ಹೊಸದಿದ್ದಾಗ ಕನಿಷ್ಠ 230 ಡಿಗ್ರಿವರೆಗೆ ಕುದಿಯಬಾರದು ಅಂತ ನಿಯಮ. ನೀರು ಸೇರಿದ ಮೇಲೆ ಆ ಮಿತಿ 155ಕ್ಕೆ ಇಳಿಯುತ್ತದೆ. ಎಣ್ಣೆ ಬದಲಿಸಿ ಎಷ್ಟೋ ವರ್ಷವಾಗಿರುವ ಕಾರಿಗೆ ದುಬಾರಿ ಪ್ಯಾಡ್ ಹಾಕುವವರನ್ನು ಕಂಡರೆ ನನಗೆ ಅಯ್ಯೋ ಅನಿಸುತ್ತದೆ. ಸವೆದು ತೆಳ್ಳಗಾದ ಪ್ಯಾಡು ಈ ಎಣ್ಣೆಗೆ ಇನ್ನಷ್ಟು ಬಿಸಿ ದಾಟಿಸುತ್ತದೆ. ಉಜ್ಜುವ ಭಾಗ 3 ಮಿಲಿಮೀಟರಿಗೆ ಬಂದರೆ ಬದಲಿಸಿ ಅನ್ನುವುದಕ್ಕೆ ಇದೂ ಒಂದು ಕಾರಣ.

ಪ್ಯಾಡಿನ ಅಂಚಿನಲ್ಲಿ ಕೆಲವೊಮ್ಮೆ ಎಫ್‌ಎಫ್, ಜಿಜಿ ಅಂತ ಎರಡಕ್ಷರ ಇರುತ್ತವೆ. ಅಮೆರಿಕದ ಎಸ್‌ಎಇ ಎಂಬ ವಾಹನ ಎಂಜಿನಿಯರುಗಳ ಸಂಸ್ಥೆಯ ಪದ್ಧತಿ ಅದು. ಇ ಅಂದರೆ ಘರ್ಷಣಾಂಕ 0.25ರಿಂದ 0.35, ಎಫ್ ಅಂದರೆ 0.35ರಿಂದ 0.45, ಜಿ ಅಂದರೆ 0.45ರಿಂದ 0.55. ಮೊದಲ ಅಕ್ಷರ ಮಾಮೂಲಿ ಬಿಸಿಗೆ, ಎರಡನೆಯದು ಜಾಸ್ತಿ ಬಿಸಿಗೆ. ಅಕ್ಷರಮಾಲೆಯಲ್ಲಿ ಮುಂದಿನ ಅಕ್ಷರ ಇದ್ದಷ್ಟೂ ಪ್ಯಾಡು ಒಳ್ಳೆಯದು ಅನ್ನುವವರುಂಟು. ಆದರೆ ಈ ಪರೀಕ್ಷೆ ನಡೆಯುವುದು ಒಂದಂಗುಲ ಚದರದ ತುಂಡಿನ ಮೇಲೆ. ಅವರು ಮಾಮೂಲಿ ಅನ್ನುವ ಬಿಸಿ 93ರಿಂದ 204 ಡಿಗ್ರಿ. ಚಳಿ ಬೆಳಗಿನ ಮೊದಲ ತಿರುವಿನ ಬಗ್ಗೆ ಆ ಅಕ್ಷರಗಳು ತುಟಿ ಬಿಚ್ಚುವುದಿಲ್ಲ. ಯುರೋಪಿನ ಆರ್90 ನಿಯಮ ನನಗೆ ಹೆಚ್ಚು ಇಷ್ಟ. ಬದಲಿ ಪ್ಯಾಡಿನ ಕೆಲಸ ಕಾರಿನ ಮೂಲ ಪ್ಯಾಡಿಗಿಂತ ಶೇ. 15ಕ್ಕಿಂತ ಆಚೀಚೆ ಹೋಗಬಾರದು ಅನ್ನುತ್ತದೆ ಅದು. ಹೋಲಿಕೆ ನೇರವಾಗಿ ಕಾರಿನ ಜೊತೆಗೇ, ಅಲ್ವಾ?

ಮುಂದಿನ ಚಕ್ರಕ್ಕೊಂದು ಬಗೆ, ಹಿಂದಿನದಕ್ಕೊಂದು ಬಗೆ ಹಾಕುವ ಚಟವೂ ಇದೆ. ಬ್ರೇಕ್ ಹಾಕಿದಾಗ ಭಾರ ಮುಂದಕ್ಕೆ ವಾಲುತ್ತದೆ. ತೂಕ ಸರಿಯಾಗಿ ಅರ್ಧರ್ಧ ಹಂಚಿರುವ ಕಾರಿನಲ್ಲೂ ಜೋರು ಬ್ರೇಕಿನ ಹೊತ್ತಿಗೆ ಮುಂದೆ 70, ಹಿಂದೆ 30 ಆಗಬಹುದು. ತಯಾರಕರು ಈ ಲೆಕ್ಕಕ್ಕೇ ಹಿಂದೆ ಮುಂದೆ ಹೊಂದಿಸಿರುತ್ತಾರೆ. ಹಿಂದೆ ಮಾತ್ರ ಬಲವಾದ ಪ್ಯಾಡ್ ಹಾಕಿದರೆ ಹಿಂದಿನ ಚಕ್ರ ಮೊದಲು ಜಾರಿ ಕಾರು ಗಿರಕಿ ಹೊಡೆಯಬಹುದು. ಮುಂದೆ ಮಾತ್ರ ಹಾಕಿದರೆ ಹಿಂದಿನ ಟೈರಿನ ಹಿಡಿತ ದಂಡ. ಎತ್ತು ಏರಿಗೆಳೆದರೆ ಕೋಣ ನೀರಿಗೆಳೆಯಿತು ಅನ್ನುವ ಹಾಗೆ.

ಪ್ಯಾಡನ್ನು ಪಳಗಿಸುವ ವಿಚಾರಕ್ಕೆ ಬರೋಣ. ಅನೇಕರು ಬಿಡುವುದೇ ಇದನ್ನು. ತಣ್ಣಗಿರುವ ಪ್ಯಾಡು ಉಪ್ಪುಕಾಗದದ ಹಾಗೆ ಡಿಸ್ಕನ್ನು ಕೆರೆಯುತ್ತದೆ. ಬಿಸಿಯಾದಾಗ ಸ್ಲೇಟಿನ ಮೇಲಿನ ಬಳಪದ ಹಾಗೆ ತನ್ನದೇ ತೆಳು ಪದರವನ್ನು ಡಿಸ್ಕಿಗೆ ಬಳಿಯುತ್ತದೆ. ಆಮೇಲೆ ಪ್ಯಾಡಿನ ಪದಾರ್ಥ ತನ್ನದೇ ಪದಾರ್ಥದ ಮೇಲೆ ಉಜ್ಜಿ ಹಿಡಿತ ಕೊಡುತ್ತದೆ. ಆ ಪದರ ಎಲ್ಲ ಕಡೆ ಸಮನಾಗಿ ಕೂರಬೇಕು. ಅದಕ್ಕೆ ಖಾಲಿ ರಸ್ತೆಯಲ್ಲಿ ವೇಗ ಏರಿಸಿ, ಪೂರ್ತಿ ನಿಲ್ಲಿಸದೆ ಇಳಿಸಿ, ಮತ್ತೆ ಏರಿಸಿ, ಹೀಗೆ ಎಂಟು ಹತ್ತು ಸಲ ಮಾಡಿ ಆಮೇಲೆ ಬ್ರೇಕ್ ಮುಟ್ಟದೆ ಆರಲು ಬಿಡುತ್ತಾರೆ. ಬಿಸಿ ಡಿಸ್ಕಿನ ಮೇಲೆ ಪ್ಯಾಡ್ ಒತ್ತಿ ನಿಂತರೆ ಅಷ್ಟೇ ಜಾಗಕ್ಕೆ ದಪ್ಪ ಪದರ ಅಂಟುತ್ತದೆ. ಸ್ಟಿಯರಿಂಗ್ ನಡುಗತೊಡಗುತ್ತದೆ. ಡಿಸ್ಕ್ ಬಾಗಿದೆ ಅಂತ ಜನ ಬೈಯುವ ಎಷ್ಟೋ ಡಿಸ್ಕುಗಳು ಬಾಗಿರುವುದಿಲ್ಲ, ಕಲೆ ಹತ್ತಿರುತ್ತದೆ. ಹಳೇ ಪ್ಯಾಡಿನ ಪದರದ ಮೇಲೆ ಬೇರೆ ಜಾತಿಯ ಪ್ಯಾಡ್ ಹಾಕಿದರೂ ಇದೇ ಗೋಳು. ಡಿಸ್ಕ್ ಉಜ್ಜಿ ಶುಚಿ ಮಾಡಿಯೇ ಹಾಕಬೇಕು.

ಸದ್ದಿನ ಬಗ್ಗೆ ಜಾಸ್ತಿ ಹೇಳುವುದಿಲ್ಲ. ಹಿಡಿದು ಜಾರಿ, ಹಿಡಿದು ಜಾರಿ ಪ್ಯಾಡು ನಡುಗಿದರೆ ಅದೇ ಬಳಪದ ಕಿರ್ರ್ ಶಬ್ದ. ಬೆನ್ನಿಗೆ ಹಚ್ಚುವ ತೆಳು ತಗಡು ಅದನ್ನು ಕುಡಿಯುತ್ತದೆ. ಕಿರುಗುಟ್ಟುವ ಪ್ಯಾಡೇ ಬಲವಾದ ಪ್ಯಾಡ್ ಅಂತ ಹೆಮ್ಮೆ ಪಡುವವರು ಪಡಲಿ.

ನಾನು ಕೊನೆಗೆ ಹಾಕಿದ್ದು ರಸ್ತೆಗೆಂದೇ ಮಾಡಿದ, ಲೋಹ ಸ್ವಲ್ಪ ಇರುವ ಪ್ಯಾಡು. ಮೊದಲ ಒತ್ತಿಗೇ ಹಿಡಿಯುತ್ತದೆ. ಬೆಟ್ಟ ಇಳಿಯುವಾಗಲೂ ಸೋತಿಲ್ಲ. ರೇಸ್ ಪ್ಯಾಡು ಡಬ್ಬದಲ್ಲೇ ಇದೆ, ಟ್ರ್ಯಾಕಿಗೆ ಹೋಗುವ ದಿನಕ್ಕೆ. ರಸ್ತೆಯ ಪ್ಯಾಡಿಗೆ ಬದಲಿಸಿದ ದಿನ ಇನ್ನೊಂದು ಪಾಠವೂ ಆಯಿತು. ದಪ್ಪ ಪ್ಯಾಡ್ ಕೂರಿಸಲು, ಪ್ಯಾಡನ್ನು ಡಿಸ್ಕಿಗೆ ಒತ್ತುವ ಕ್ಯಾಲಿಪರಿನ ಪಿಸ್ಟನ್ನನ್ನು ಹಿಂದಕ್ಕೆ ತಳ್ಳಿರುತ್ತೇವಲ್ಲ, ಅದು ಮತ್ತೆ ಪ್ಯಾಡಿಗೆ ಬಂದು ತಾಗುವವರೆಗೆ ಪೆಡಲ್ ಒತ್ತಿದರೆ ಏನೂ ಆಗುವುದಿಲ್ಲ. ನಿಂತಲ್ಲೇ ಹಲವು ಸಲ ಒತ್ತಿ ಗಟ್ಟಿ ಮಾಡಿಕೊಂಡೇ ಹೊರಡಬೇಕು. ನಾನು ಮರೆತು ಕಾರನ್ನು ಹಿಂದಕ್ಕೆ ತೆಗೆದೆ. ಪೆಡಲ್ ಸೀದಾ ನೆಲಕ್ಕೆ ಹೋಯಿತು. ಒಂದು, ಎರಡು, ಮೂರು. ನಾಲ್ಕನೇ ಒತ್ತಿಗೆ ಬ್ರೇಕ್ ಸಿಕ್ಕಿತು. ಗೇಟು ಅಷ್ಟು ದೂರ ಇದ್ದದ್ದು ನನ್ನ ಪುಣ್ಯ.