ಭೇದಿ ನಿಂತ ಮೇಲೆ ಊದುವ ಮಂಡಿ

ಬೆಳಿಗ್ಗೆ ಎದ್ದು ನೆಲಕ್ಕೆ ಕಾಲಿಟ್ಟರೆ ಹಿಮ್ಮಡಿಗೆ ಮೊಳೆ ಹೊಡೆದಂಥ ನೋವು. ಒಂದು ಮಂಡಿ ಊದಿ ಬಿಸಿಯಾಗಿದೆ, ಇನ್ನೊಂದಕ್ಕೆ ಏನೂ ಆಗಿಲ್ಲ. ಕಾಲಿನ ಒಂದು ಬೆರಳು ಬುಡದಿಂದ ತುದಿಯವರೆಗೂ ದಪ್ಪಗಾಗಿದೆ. ಬಿದ್ದಿಲ್ಲ, ಉಳುಕಿಲ್ಲ. ಮನೆಯಲ್ಲಿ 'ವಾಯು ಇರಬೇಕು' ಅನ್ನುತ್ತಾರೆ. ಇಪ್ಪತ್ತೈದರ ಹುಡುಗನಿಗೆ ಎಂಥ ವಾಯು? ಇಲ್ಲಿ ಕೇಳಬೇಕಾದ ಪ್ರಶ್ನೆಯೇ ಬೇರೆ: ಕಳೆದ ತಿಂಗಳು ಹೊಟ್ಟೆ ಕೆಟ್ಟಿತ್ತಾ?

ಕೇಳದಿದ್ದರೆ ರೋಗಿ ತಾನಾಗಿ ಹೇಳುವುದಿಲ್ಲ. ಭೇದಿ ನಿಂತು ಒಂದರಿಂದ ನಾಲ್ಕು ವಾರ ಕಳೆದಿರುತ್ತದೆ, ಅದು ಮರೆತೂ ಹೋಗಿರುತ್ತದೆ. ಸಾಲ್ಮೊನೆಲ್ಲಾ, ಶಿಗೆಲ್ಲಾ, ಕ್ಯಾಂಪಿಲೊಬ್ಯಾಕ್ಟರ್, ಯೆರ್ಸಿನಿಯಾ ಎಂಬ ಬ್ಯಾಕ್ಟೀರಿಯಾಗಳು ಕರುಳನ್ನು ಕಾಡಿ ಹೋದ ಮೇಲೆ ಕೆಲವರ ಕೀಲು ಹೀಗೆ ಉರಿಯೂತಕ್ಕೆ ಒಳಗಾಗುತ್ತದೆ. ಇದಕ್ಕೆ ರಿಯಾಕ್ಟಿವ್ ಆರ್ಥ್ರೈಟಿಸ್ ಎಂದು ಹೆಸರು. ಕೆಲವರಿಗೆ ಜೊತೆಗೆ ಕಣ್ಣು ಕೆಂಪಾಗುತ್ತದೆ, ಉರಿಮೂತ್ರವೂ ಬರುತ್ತದೆ.

ಮಂಡಿಯಿಂದ ಸಿರಿಂಜಿನಲ್ಲಿ ನೀರು ತೆಗೆದರೆ ಹಳದಿ ಬಣ್ಣದ, ಮಬ್ಬಾದ ದ್ರವ ಬರುತ್ತದೆ. ಅದರ ತುಂಬ ಬಿಳಿ ರಕ್ತಕಣಗಳು. ಲ್ಯಾಬಿನಲ್ಲಿ ಕಲ್ಚರ್‌ಗೆ ಇಟ್ಟರೆ ಯಾವ ಬ್ಯಾಕ್ಟೀರಿಯಾವೂ ಬೆಳೆಯುವುದಿಲ್ಲ. ಬೆಳೆದರೆ ಅದು ಬೇರೆಯೇ ಕಾಯಿಲೆ, ಕೀಲಿನೊಳಗೆ ಕೀವಾಗುವಂಥದ್ದು. ಅದಕ್ಕೆ ತುರ್ತು ಚಿಕಿತ್ಸೆ ಬೇಕು. ಹಾಗಾಗಿ ಜ್ವರದ ಜೊತೆ ಮಂಡಿ ಊದಿದರೆ ಎಣ್ಣೆ ತಿಕ್ಕುತ್ತಾ ಕೂರಬಾರದು. ಆದರೂ ಕಲ್ಚರ್‌ನಲ್ಲಿ ಏನೂ ಬೆಳೆಯದ ದ್ರವದಲ್ಲಿ ಬ್ಯಾಕ್ಟೀರಿಯಾದ ಗುರುತೇ ಇಲ್ಲವೆಂದಲ್ಲ. ಯೆರ್ಸಿನಿಯಾ, ಸಾಲ್ಮೊನೆಲ್ಲಾಗಳ ಹೊರಕವಚದ ಚೂರುಗಳು ಕೀಲಿನ ಜೀವಕೋಶಗಳಲ್ಲಿ ಸಿಕ್ಕಿವೆ. ಬ್ಯಾಕ್ಟೀರಿಯಾ ಸತ್ತು ಕರಗಿದರೂ ಅದರ ಚೂರು ಅಲ್ಲಿಗೆ ತಲುಪಿರುತ್ತದೆ, ನಮ್ಮ ರಕ್ಷಣಾ ವ್ಯವಸ್ಥೆ ಅದರ ಮೇಲೆ ಬೀಳುತ್ತದೆ.

ಎಲ್ಲರಿಗೂ ಯಾಕೆ ಬರುವುದಿಲ್ಲ? 1962ರಲ್ಲಿ ಅಮೆರಿಕದ ಒಂದು ನೌಕಾಪಡೆ ಹಡಗಿನಲ್ಲಿ 602 ಮಂದಿಗೆ ಶಿಗೆಲ್ಲಾ ಆಮಶಂಕೆ ಆಯಿತು. ಕೀಲು ಹಿಡಿದದ್ದು ಒಂಬತ್ತು ಮಂದಿಗೆ. ವರ್ಷಗಳ ನಂತರ ಅವರಲ್ಲಿ ಐವರನ್ನು ಹುಡುಕಿ ರಕ್ತ ಪರೀಕ್ಷಿಸಿದಾಗ ನಾಲ್ವರಲ್ಲಿ ಎಚ್‌ಎಲ್‌ಎ-ಬಿ27 ಎಂಬ ವಂಶವಾಹಿ ಇತ್ತು. ಅದು ಇದ್ದವರಿಗೆಲ್ಲ ಕೀಲು ಊದುವುದಿಲ್ಲ, ಇಲ್ಲದವರಿಗೂ ಊದುವುದುಂಟು. ಇದ್ದರೆ ಅಪಾಯ ಹೆಚ್ಚು, ಕಾಯಿಲೆ ಬೇಗ ಬಿಡುವುದೂ ಇಲ್ಲ. ಹೆಚ್ಚಿನವರಿಗೆ ನೋವು, ಉರಿಯೂತ ಇಳಿಸುವ ಮಾತ್ರೆಗಳಲ್ಲೇ ಕೆಲವು ತಿಂಗಳಿಂದ ಒಂದು ವರ್ಷದೊಳಗೆ ವಾಸಿಯಾಗುತ್ತದೆ.

ಭೇದಿಯ ವಿಷಯವನ್ನಾದರೂ ಜನ ಕೇಳಿದರೆ ಹೇಳುತ್ತಾರೆ. ಬಾಯಿ ಕಟ್ಟುವುದು ಇನ್ನೊಂದು ಕಾರಣಕ್ಕೆ. ಲೈಂಗಿಕ ಸಂಪರ್ಕದಿಂದ ಹರಡುವ ಕ್ಲಮೈಡಿಯಾ ಎಂಬ ಬ್ಯಾಕ್ಟೀರಿಯಾ ಕೂಡ ಇದೇ ರೀತಿ ಮಂಡಿ ಊದಿಸುತ್ತದೆ. ಎಷ್ಟೋ ಸಲ ಮೂತ್ರದಲ್ಲಿ ಉರಿ ಕೂಡ ಕಾಣಿಸುವುದಿಲ್ಲ, ತನಗೆ ಸೋಂಕಿದೆ ಎಂಬುದೇ ರೋಗಿಗೆ ಗೊತ್ತಿರುವುದಿಲ್ಲ. ಡಾಕ್ಟರು ಕೇಳಿದಾಗ ಪಕ್ಕದಲ್ಲಿ ಅಮ್ಮನೋ ಅಣ್ಣನೋ ನಿಂತಿದ್ದರೆ ಯಾರು ತಾನೆ ಬಾಯಿ ಬಿಟ್ಟಾರು? ಅವರನ್ನು ಐದು ನಿಮಿಷ ಹೊರಗೆ ಕಳಿಸಿ ಕೇಳಬೇಕು. ಕರುಳಿನ ಸೋಂಕು ಕಳೆದ ಮೇಲೆ ಆಂಟಿಬಯೋಟಿಕ್‌ನಿಂದ ಕೀಲಿಗೆ ಅಂಥ ಲಾಭವಿಲ್ಲ. ಕ್ಲಮೈಡಿಯಾ ಇದ್ದರೆ ಮಾತ್ರ ಅದನ್ನು ಕೊಡಲೇಬೇಕು, ಸಂಗಾತಿಗೂ ಕೊಡಬೇಕು.