ಪಾಯಿಂಟ್ ನೋಡುವ ಮೊದಲು ಹುಟ್ಟಿದ ತಾರೀಖು ನೋಡಿ

ಕೆನಡಾದ ಐಸ್ ಹಾಕಿ ತಂಡ ವ್ಯಾಂಕೂವರ್ ಕೆನಕ್ಸ್‌ನ ಎಳೆಯ ಆಟಗಾರರಲ್ಲಿ ಯಾರು ಮೊದಲು, ಯಾರು ಹತ್ತನೆಯವರು ಎಂದು ಅಭಿಮಾನಿಗಳು ಹಾಕುವ ಪಟ್ಟಿಗಳನ್ನು ನಾನು ತಪ್ಪದೆ ಓದುತ್ತೇನೆ. ಅದರಲ್ಲಿ ಎಲ್ಲವೂ ಇರುತ್ತದೆ: ಎತ್ತರ, ತೂಕ, ಡ್ರಾಫ್ಟ್ ಸಂಖ್ಯೆ (ಉನ್ನತ ಲೀಗ್ ಎನ್‌ಎಚ್‌ಎಲ್‌ನ ತಂಡಗಳು ಸರದಿಯಂತೆ ಎಳೆಯರನ್ನು ಆರಿಸುವಾಗ ಎಷ್ಟನೆಯವನಾಗಿ ಹೋದ ಎಂಬುದು), ಗೋಲು, ಅಸಿಸ್ಟ್ (ಗೋಲಿಗೆ ದಾರಿ ಮಾಡಿಕೊಟ್ಟ ಪಾಸ್), ಇವೆರಡೂ ಸೇರಿದ ಒಟ್ಟು ಪಾಯಿಂಟ್. ಹುಟ್ಟಿದ ತಾರೀಖು ಮಾತ್ರ ಇರುವುದಿಲ್ಲ. ಎಳೆಯ ಆಟಗಾರರನ್ನು ಅಳೆಯುವುದೇ ನಮ್ಮ ಕೆಲಸ. ನಾವು ಮೊದಲು ನೋಡುವುದೇ ಆ ತಾರೀಖನ್ನು. ಅದಿಲ್ಲದೆ ಉಳಿದ ಅಂಕಿಗಳನ್ನು ಓದುವುದು ಹೇಗೆಂದೇ ನನಗೆ ಅರ್ಥವಾಗುವುದಿಲ್ಲ. ಎಷ್ಟು ಸಲ ಹೇಳಿದರೂ ಮತ್ತೆ ಹೇಳಬೇಕಾಗಿ ಬರುವ ಮಾತು ಇದು. ಆದ್ದರಿಂದ ಇಂದು ಇದನ್ನೇ ಬಿಡಿಸಿ ಹೇಳುತ್ತೇನೆ. (ಕೊಡಗಿನ ಓದುಗರಿಗೆ ಹಾಕಿ ಎಂದರೆ ಹುಲ್ಲಿನ ಮೈದಾನ. ಇಲ್ಲಿ ಹೇಳುತ್ತಿರುವುದು ಕೆನಡಾದ ಐಸ್ ಹಾಕಿಯ ಮಾತು.)

ಒಂದೇ ಲೀಗಿನ, ಒಂದೇ ಸೀಸನ್ನಿನ ಇಬ್ಬರನ್ನು ತೆಗೆದುಕೊಳ್ಳಿ. ಪಶ್ಚಿಮ ಕೆನಡಾದ ಜೂನಿಯರ್ ಲೀಗ್ ಡಬ್ಲ್ಯುಎಚ್‌ಎಲ್, 2021-22. ರೆಡ್ ಡೀರ್ ತಂಡದ ಅರ್ಶ್‌ದೀಪ್ ಬೈನ್ಸ್ 68 ಪಂದ್ಯಗಳಲ್ಲಿ 112 ಪಾಯಿಂಟ್ ಗಳಿಸಿ ಇಡೀ ಲೀಗಿಗೆ ಮೊದಲಿಗನಾದ. ರಿಜೈನಾ ತಂಡದ ಕಾನರ್ ಬೆಡಾರ್ಡ್ 62 ಪಂದ್ಯಗಳಲ್ಲಿ 100 ಪಾಯಿಂಟ್ ಗಳಿಸಿದ. ಭಾಗಿಸಿ ನೋಡಿ: ಬೈನ್ಸ್ ಪಂದ್ಯಕ್ಕೆ 1.65, ಬೆಡಾರ್ಡ್ 1.61. ಪಾಯಿಂಟ್ ಒಂದನ್ನೇ ನೋಡುವವರ ಪಟ್ಟಿಯಲ್ಲಿ ಇಬ್ಬರೂ ಅಕ್ಕಪಕ್ಕ ಕೂರಬೇಕು, ಬೈನ್ಸ್ ಒಂದು ಕೂದಲೆಳೆ ಮುಂದೆಯೇ.

ಈಗ ತಾರೀಖು ಬರೆಯಿರಿ. ಬೈನ್ಸ್ ಹುಟ್ಟಿದ್ದು 2001ರ ಜನವರಿ 9, ಬೆಡಾರ್ಡ್ 2005ರ ಜುಲೈ 17. ಸೀಸನ್ನಿಗೆ ಮುಂಚಿನ 2021ರ ಸೆಪ್ಟೆಂಬರ್ 15ಕ್ಕೆ ಎಣಿಸಿದರೆ ಒಬ್ಬನಿಗೆ 20 ವರ್ಷ 8 ತಿಂಗಳು, ಇನ್ನೊಬ್ಬನಿಗೆ 16 ವರ್ಷ 1 ತಿಂಗಳು. ನಡುವೆ ನಾಲ್ಕೂವರೆ ವರ್ಷ! ಬೆಡಾರ್ಡ್ 2023ರ ಡ್ರಾಫ್ಟಿನಲ್ಲಿ ಮೊದಲನೆಯವನಾಗಿ ಹೋದ. ಬೈನ್ಸ್‌ನನ್ನು ಯಾವ ಡ್ರಾಫ್ಟಿನಲ್ಲೂ ಯಾರೂ ಆರಿಸಿರಲಿಲ್ಲ. ಆ ಸೀಸನ್ನಿನ ಕೊನೆಗೆ ವ್ಯಾಂಕೂವರ್ ಅವನ ಜೊತೆ ನೇರವಾಗಿ ಒಪ್ಪಂದ ಮಾಡಿಕೊಂಡಿತು.

ಇಷ್ಟು ವ್ಯತ್ಯಾಸ ಏಕೆ? ಜೂನಿಯರ್ ಲೀಗಿನಲ್ಲಿ ಎದುರಿಗೆ ಬರುವ ಡಿಫೆನ್ಸ್ ಆಟಗಾರರಲ್ಲಿ ಹೆಚ್ಚಿನವರು 17-18ರ ಹುಡುಗರು. ಇಪ್ಪತ್ತು ದಾಟಿದವನ ಭುಜ, ತೊಡೆ ಬಲಿತಿರುತ್ತವೆ. ಗೋಡೆಯ ಅಂಚಿನಲ್ಲಿ ಪಕ್‌ಗಾಗಿ (ಚೆಂಡಿನ ಬದಲು ಬಳಸುವ ರಬ್ಬರ್ ಬಿಲ್ಲೆ) ನಡೆಯುವ ಕಿತ್ತಾಟದಲ್ಲಿ ಅವನು ಮೈಬಲದಿಂದಲೇ ಗೆಲ್ಲುತ್ತಾನೆ. ಜೊತೆಗೆ ಒಂದು ಕ್ಲಬ್ಬಿಗೆ ಇಪ್ಪತ್ತರ ವಯಸ್ಸಿನವರನ್ನು ಮೂವರಿಗಿಂತ ಹೆಚ್ಚು ಇಟ್ಟುಕೊಳ್ಳಲು ಅವಕಾಶವಿಲ್ಲ. ಹಾಗಾಗಿ ಇಟ್ಟುಕೊಂಡವರಿಗೆ ಸಾಮಾನ್ಯವಾಗಿ ಮೊದಲ ಲೈನಿನ (ಒಟ್ಟಿಗೆ ಮಂಜಿಗಿಳಿಯುವ ಮುಂಚೂಣಿ ಆಟಗಾರರ ಗುಂಪು) ಜಾಗ, ಪವರ್ ಪ್ಲೇಯ (ಎದುರಾಳಿಗೆ ಶಿಕ್ಷೆಯಾಗಿ ಒಬ್ಬ ಕಡಿಮೆ ಇರುವ ಹೊತ್ತಿನ ಆಟ) ಸಮಯ ಹೆಚ್ಚು ಸಿಗುತ್ತದೆ. ಹದಿನಾರರ ಹುಡುಗ ಅಷ್ಟೇ ಪಾಯಿಂಟ್ ತೆಗೆಯುವಾಗ ತನಗಿಂತ ದೊಡ್ಡವರ ಮಧ್ಯೆ ಜಾಗ ಹುಡುಕುತ್ತಿರುತ್ತಾನೆ. ಅಲ್ಲಿ ಕೆಲಸ ಮಾಡುವುದು ಅವನ ಕಣ್ಣು, ಕೈ ಮತ್ತು ತಲೆ. ಮೈಬಲ ನಾಲ್ಕು ವರ್ಷದಲ್ಲಿ ಬರುತ್ತದೆ. ಕಣ್ಣು ಮತ್ತು ತಲೆ ಹಾಗೆ ಬರುವುದು ಅಪರೂಪ.

ಇದನ್ನು ಬೈನ್ಸ್‌ನನ್ನು ಕಡಿಮೆ ಮಾಡಲು ಹೇಳುತ್ತಿಲ್ಲ. ವ್ಯಾಂಕೂವರ್ ಬಳಿಯ ಸರ್ರೆಯ ಪಂಜಾಬಿ ಮನೆತನದ ಈ ಹುಡುಗ ಒಪ್ಪಂದದ ನಂತರ ಅಬಾಟ್ಸ್‌ಫರ್ಡ್‌ನಲ್ಲಿರುವ ವ್ಯಾಂಕೂವರಿನ ಕೆಳದರ್ಜೆಯ ತಂಡದಲ್ಲಿ (ಎಎಚ್‌ಎಲ್ ಲೀಗ್) ದುಡಿದು 2024ರ ಫೆಬ್ರವರಿಯಲ್ಲಿ ಎನ್‌ಎಚ್‌ಎಲ್ ಮಂಜಿಗೆ ಇಳಿದ. ಯಾರೂ ಆರಿಸದ ಆಟಗಾರನಿಗೆ ಅದು ದೊಡ್ಡ ಸಾಧನೆ. ತೊಂದರೆ ಕೊಟ್ಟದ್ದು ಅವನ 112 ಪಾಯಿಂಟನ್ನು ಹದಿನೇಳರ ಹುಡುಗನ 112ರಂತೆ ಓದಿದವರು. ಅವರು ಮೊದಲು ಅವನನ್ನು ತಲೆಯ ಮೇಲೆ ಹೊತ್ತರು, ಮೂರು ಮತ್ತು ನಾಲ್ಕನೇ ಲೈನಿನ ಪಾತ್ರ ಸಿಕ್ಕಾಗ ಮೋಸ ಹೋದವರಂತೆ ಮಾತಾಡಿದರು. ಅವನು ಯಾರಿಗೂ ಮೋಸ ಮಾಡಿರಲಿಲ್ಲ.

ವಯಸ್ಸನ್ನು ವರ್ಷದಲ್ಲಿ ಎಣಿಸಿದರೆ ಸಾಲದು, ತಿಂಗಳಲ್ಲಿ ಎಣಿಸಿ. ಡ್ರಾಫ್ಟಿನ ಗೆರೆ ಇರುವುದು ಸೆಪ್ಟೆಂಬರ್ 15ಕ್ಕೆ. ಅಂದಿಗೆ 18 ತುಂಬಿದವರು ಆ ವರ್ಷದ ಡ್ರಾಫ್ಟಿಗೆ ಅರ್ಹರು, ಮರುದಿನ ತುಂಬುವವರು ಮುಂದಿನ ವರ್ಷಕ್ಕೆ. ಬ್ರೇಡಿ ಟಕಾಚಕ್ 1999ರ ಸೆಪ್ಟೆಂಬರ್ 16ರಂದು ಹುಟ್ಟಿದ, ಒಂದೇ ದಿನದಿಂದ 2017ರ ಡ್ರಾಫ್ಟ್ ತಪ್ಪಿ 2018ಕ್ಕೆ ಬಂದ. ಆಸ್ಟನ್ ಮ್ಯಾಥ್ಯೂಸ್ 1997ರ ಸೆಪ್ಟೆಂಬರ್ 17ರವನು, ಎರಡು ದಿನದಿಂದ ತಪ್ಪಿಸಿಕೊಂಡು ನಡುವಿನ ವರ್ಷ ಸ್ವಿಟ್ಜರ್ಲೆಂಡಿನಲ್ಲಿ ದೊಡ್ಡವರ ಜೊತೆ ಆಡಿ ಬಂದ. ಅಂದರೆ ಒಂದೇ ಡ್ರಾಫ್ಟಿನ ಇಬ್ಬರ ನಡುವೆ ಪೂರ್ತಿ ಒಂದು ವರ್ಷದ ಅಂತರ ಇರಬಹುದು. ಆ ವಯಸ್ಸಿನಲ್ಲಿ ಒಂದು ವರ್ಷ ಎಂದರೆ ಒಂದಿಡೀ ಸೀಸನ್ನಿನ ತರಬೇತಿ, ಮೈಯಲ್ಲಿ ಕೂಡಿಕೊಳ್ಳುವ ಸ್ನಾಯು.

ಇದರ ಇನ್ನೊಂದು ಮುಖ ಆಟು ರ‍್ಯಾಟಿ. ಫಿನ್‌ಲೆಂಡಿನ ಈ ಸೆಂಟರ್ ಆಟಗಾರನನ್ನು ಒಂದು ಕಾಲಕ್ಕೆ 2021ರ ಡ್ರಾಫ್ಟಿನ ಮೊದಲ ಹೆಸರಾಗಬಹುದು ಎಂದೇ ಮಾತಾಡುತ್ತಿದ್ದರು. ಕೊನೆಗೆ 52ನೆಯವನಾಗಿ ಹೋದ, 2023ರಲ್ಲಿ ಬೋ ಹೋರ್ವಾಟ್ ವಿನಿಮಯದಲ್ಲಿ ವ್ಯಾಂಕೂವರಿಗೆ ಬಂದ. ಅವನು ಹುಟ್ಟಿದ್ದು 2002ರ ನವೆಂಬರಿನಲ್ಲಿ. ತನ್ನ ಗುಂಪಿನಲ್ಲಿ ಹಿರಿಯರ ಸಾಲಿನವನು. ಹದಿನೈದು ಹದಿನಾರರಲ್ಲಿ ಅವನು ಎದ್ದು ಕಂಡದ್ದರಲ್ಲಿ ಆ ಎಂಟು ಹತ್ತು ತಿಂಗಳ ಪಾಲು ಎಷ್ಟು ಎಂದು ಕರಾರುವಾಕ್ಕಾಗಿ ಹೇಳಲಾಗದು, ಪಾಲು ಇತ್ತು ಎಂಬುದರಲ್ಲಿ ನನಗೆ ಸಂಶಯವಿಲ್ಲ.

ತಾರೀಖಾದ ಮೇಲೆ ಲೀಗು. ಯಾವ ಲೀಗಿನ ಒಂದು ಪಾಯಿಂಟ್ ಎನ್‌ಎಚ್‌ಎಲ್‌ನಲ್ಲಿ ಎಷ್ಟಕ್ಕೆ ಸಮ ಎಂದು ಗುಣಕಗಳ ಕೋಷ್ಟಕಗಳಿವೆ. ಒಬ್ಬೊಬ್ಬರ ಕೋಷ್ಟಕ ಒಂದೊಂದು ತರಹ. ಲೆಕ್ಕ ತೋರಿಸಲು ಕೆನಡಾದ ಜೂನಿಯರ್ ಲೀಗುಗಳಿಗೆ ಸುಮಾರು 0.3, ಸ್ವೀಡನ್ನಿನ ಮೊದಲ ದರ್ಜೆಯ ಲೀಗ್ ಎಸ್‌ಎಚ್‌ಎಲ್‌ಗೆ ಸುಮಾರು 0.55 ಎಂದಿಟ್ಟುಕೊಳ್ಳೋಣ. ವ್ಯಾಂಕೂವರ್ ಡ್ರಾಫ್ಟಿನಲ್ಲಿ ಆರಿಸಿದ ಯೊನಾಥನ್ ಲೆಕ್ಕೆರಿಮಾಕಿ 2023-24ರಲ್ಲಿ ಅಲ್ಲಿನ ಓರೆಬ್ರೋ ತಂಡಕ್ಕೆ 46 ಪಂದ್ಯಗಳಲ್ಲಿ 31 ಪಾಯಿಂಟ್ ತಂದ. 31ನ್ನು 46ರಿಂದ ಭಾಗಿಸಿ, 0.55ರಿಂದ ಗುಣಿಸಿ, 82 ಪಂದ್ಯಗಳ ಸೀಸನ್ನಿಗೆ ಹಿಗ್ಗಿಸಿದರೆ ಸುಮಾರು 30 ಬರುತ್ತದೆ. ಆಗ ಅವನಿಗೆ 19. ಅದೇ ರೀತಿ ಬೆಡಾರ್ಡ್‌ನ ಹದಿನಾರರ ಸೀಸನ್ನಿಗೆ ಸುಮಾರು 40. ಬೈನ್ಸ್‌ನದಕ್ಕೂ ಹೆಚ್ಚುಕಡಿಮೆ ಅಷ್ಟೇ ಬರುತ್ತದೆ! ಗುಣಕ ಲೀಗನ್ನು ಸರಿಪಡಿಸುತ್ತದೆಯೇ ಹೊರತು ವಯಸ್ಸನ್ನು ಸರಿಪಡಿಸುವುದಿಲ್ಲ ಎಂಬುದಕ್ಕೆ ಇದಕ್ಕಿಂತ ಸ್ಪಷ್ಟ ಉದಾಹರಣೆ ಬೇಡ.

ಗುಣಕದಲ್ಲಿ ಇನ್ನೊಂದು ದೋಷವೂ ಇದೆ. ಅದನ್ನು ಲೆಕ್ಕ ಹಾಕುವುದು ಆ ಲೀಗಿನಿಂದ ಮೇಲಕ್ಕೆ ಹೋದವರ ಅಂಕಿಗಳಿಂದ. ಮೇಲೆ ಹೋಗದೆ ಉಳಿದವರು ಲೆಕ್ಕಕ್ಕೇ ಬರುವುದಿಲ್ಲ. ಆದ್ದರಿಂದ ಬರುವ ಉತ್ತರ ಯಾವಾಗಲೂ ಸ್ವಲ್ಪ ಉದಾರ. ಯುರೋಪಿನ ದೊಡ್ಡವರ ಲೀಗಿನಲ್ಲಿ ಎಳೆಯನಿಗೆ ಎಷ್ಟು ನಿಮಿಷ ಆಟ ಸಿಗುತ್ತಿದೆ ಎಂಬುದನ್ನೂ ಬೇರೆಯಾಗಿ ನೋಡಬೇಕು. ನಾಲ್ಕನೇ ಲೈನಿನಲ್ಲಿ ಎಂಟು ನಿಮಿಷ ಆಡಿ ಪಾಯಿಂಟ್ ಇಲ್ಲದೆ ಬಂದ ಹದಿನೆಂಟರ ಹುಡುಗನನ್ನು ಪಟ್ಟಿಯಿಂದ ಕೆಳಗಿಳಿಸಲು ಅದೊಂದೇ ಕಾರಣ ಸಾಲದು.

ಪಾಯಿಂಟನ್ನೂ ಒಡೆದು ನೋಡಿ. ಒಂದು ಗೋಲಿಗೆ ಹೆಚ್ಚೆಂದರೆ ಎರಡು ಅಸಿಸ್ಟ್ ಕೊಡುತ್ತಾರೆ. ಕೊನೆಯ ಪಾಸ್ ಕೊಟ್ಟವನ ಅಸಿಸ್ಟ್ ಒಂದು ಸೀಸನ್ನಿನಿಂದ ಇನ್ನೊಂದಕ್ಕೆ ಬಹುಮಟ್ಟಿಗೆ ನಿಲ್ಲುತ್ತದೆ, ಅದರ ಹಿಂದಿನವನದು ಏರಿಳಿಯುತ್ತದೆ. ಐವರಿಗೆ ಐವರಿದ್ದಾಗಿನ ಪಾಯಿಂಟ್, ಪವರ್ ಪ್ಲೇ ಪಾಯಿಂಟ್ ಬೇರೆ ಬೇರೆ ಬರೆಯಿರಿ. ಜೂನಿಯರಿನಲ್ಲಿ ಪವರ್ ಪ್ಲೇಯ ಯಜಮಾನನಾದವನಿಗೆ ಎನ್‌ಎಚ್‌ಎಲ್‌ನಲ್ಲಿ ಆ ಜಾಗ ಸಿಗಬೇಕಾದರೆ ಮೊದಲೇ ಅಲ್ಲಿರುವ ಐವರಲ್ಲಿ ಒಬ್ಬನನ್ನು ಹೊರಗೆ ಹಾಕಬೇಕು. ಸಿಗದಿದ್ದರೆ ಅವನ ಕೈಯಲ್ಲಿ ಉಳಿಯುವುದು ಐವರಿಗೆ ಐವರ ಆಟ ಮಾತ್ರ.

ಡಿಸೆಂಬರ್ ಕೊನೆಗೆ ಬರುವ ವಿಶ್ವ ಜೂನಿಯರ್ ಪಂದ್ಯಾವಳಿ ಈ ಪಟ್ಟಿಗಳನ್ನು ಪ್ರತಿ ವರ್ಷ ಹಾಳು ಮಾಡುತ್ತದೆ. ನನಗೂ ಅದು ತುಂಬಾ ಇಷ್ಟದ ಪಂದ್ಯಾವಳಿ, ಆದರೆ ಅಲ್ಲಿ ಫೈನಲ್ ತಲುಪಿದವರೂ ಆಡುವುದು ಏಳು ಪಂದ್ಯ. 2016ರಲ್ಲಿ ಫಿನ್‌ಲೆಂಡ್ ಚಿನ್ನ ಗೆದ್ದಾಗ ಡಿಫೆನ್ಸ್ ಆಟಗಾರ ಓಲಿ ಯುಓಲೆವಿ 9 ಪಾಯಿಂಟ್ ತಂದ. ಆ ಬೇಸಿಗೆಯ ಡ್ರಾಫ್ಟಿನಲ್ಲಿ ವ್ಯಾಂಕೂವರ್ ಐದನೆಯದಾಗಿ ಅವನನ್ನು ಆರಿಸಿತು. ಆರನೆಯದಾಗಿ ಹೋದವನು ಮ್ಯಾಥ್ಯೂ ಟಕಾಚಕ್, ಮುಂದೆ ಫ್ಲೋರಿಡಾ ಜೊತೆ 2024, 2025ರಲ್ಲಿ ಎನ್‌ಎಚ್‌ಎಲ್‌ನ ಸ್ಟಾನ್ಲಿ ಕಪ್ ಎತ್ತಿದವನು. ಇಬ್ಬರೂ ಆ ವರ್ಷ ಆಡಿದ್ದು ಒಂದೇ ಜೂನಿಯರ್ ಕ್ಲಬ್ಬಿಗೆ, ಲಂಡನ್ ನೈಟ್ಸ್‌ಗೆ. ವ್ಯಾಂಕೂವರಿನಲ್ಲಿ ಈ ಗಾಯ ಇನ್ನೂ ಮಾಗಿಲ್ಲ. ಆದರೂ ನ್ಯಾಯವಾಗಿ ಹೇಳಬೇಕು: ಯುಓಲೆವಿಗೆ ಬೆನ್ನಿನ ಶಸ್ತ್ರಚಿಕಿತ್ಸೆ, ಮೇಲೆ ಮೊಣಕಾಲಿನ ಶಸ್ತ್ರಚಿಕಿತ್ಸೆ ಆಯಿತು. ಎನ್‌ಎಚ್‌ಎಲ್‌ನಲ್ಲಿ ಅವನು ಆಡಿದ್ದು 41 ಪಂದ್ಯ. ಮೈ ಸಹಕರಿಸಿದ್ದರೆ ಏನಾಗುತ್ತಿತ್ತು ಎಂದು ಯಾವ ಕೋಷ್ಟಕವೂ ಹೇಳಲಾರದು. ಲೆಕ್ಕೆರಿಮಾಕಿಯ ವಿಷಯ ಇದಕ್ಕೆ ತಿರುವುಮುರುವು. 2022-23ರಲ್ಲಿ ಕಾಯಿಲೆ, ಗಾಯಗಳ ನಡುವೆ ಸ್ವೀಡನ್ನಿನ ಎರಡನೇ ದರ್ಜೆಯಲ್ಲಿ ಅವನ ಗೋಲು ಬತ್ತಿದಾಗ ಪಟ್ಟಿಗಳಿಂದ ಕೆಳಗೆ ತಳ್ಳಿದವರೇ, ಮರುವರ್ಷದ ವಿಶ್ವ ಜೂನಿಯರಿನಲ್ಲಿ ಅವನು ಶ್ರೇಷ್ಠ ಆಟಗಾರನಾದಾಗ ತಲೆಯ ಮೇಲೆ ಕೂರಿಸಿದರು. ಆಟಗಾರ ಅಷ್ಟೊಂದು ಬದಲಾಗಿರಲಿಲ್ಲ.

ಗೋಲಿಗಳನ್ನು (ಗೋಲು ಕಾಯುವವರನ್ನು) ಈ ಪಟ್ಟಿಗೆ ಸೇರಿಸಲೇಬೇಡಿ, ಅವರಿಗೆ ಬೇರೆ ಪಟ್ಟಿ ಮಾಡಿ. ಎನ್‌ಎಚ್‌ಎಲ್‌ನ ಸೆಂಟ್ರಲ್ ಸ್ಕೌಟಿಂಗ್ ವಿಭಾಗವೇ ಗೋಲಿಗಳಿಗೆ ಪ್ರತ್ಯೇಕ ಪಟ್ಟಿ ಇಟ್ಟಿದೆ. ಹೆಸರಾಂತ ಗೋಲಿಗಳಲ್ಲಿ ಹೆನ್ರಿಕ್ ಲುಂಡ್‌ಕ್ವಿಸ್ಟ್ ಡ್ರಾಫ್ಟಿನಲ್ಲಿ 205ನೆಯವನು, ಕಾನರ್ ಹೆಲೆಬಕ್ 130ನೆಯವನು. ವ್ಯಾಂಕೂವರಿನದೇ ಆರ್ಟೂರ್ಸ್ ಶಿಲೋವ್ಸ್ 2019ರಲ್ಲಿ 156ನೆಯವನು, 2025ರಲ್ಲಿ ಅಬಾಟ್ಸ್‌ಫರ್ಡ್ ಎಎಚ್‌ಎಲ್‌ನ ಕಾಲ್ಡರ್ ಕಪ್ ಗೆದ್ದಾಗ ಪ್ಲೇಆಫಿನ ಶ್ರೇಷ್ಠ ಆಟಗಾರ. ಮರುತಿಂಗಳೇ ಅವನನ್ನು ಪಿಟ್ಸ್‌ಬರ್ಗಿಗೆ ಕೊಟ್ಟರು. ಗೋಲಿ ಹದಗೊಳ್ಳಲು ಡ್ರಾಫ್ಟಾದ ಮೇಲೆ ಐದಾರು ವರ್ಷ ಹಿಡಿಯುವುದು ಸಾಮಾನ್ಯ. ತಂಡದಲ್ಲಿ ಜಾಗ ಇರುವುದೂ ಇಬ್ಬರಿಗೆ. 19ರ ಗೋಲಿಯನ್ನು 19ರ ವಿಂಗ್ ಆಟಗಾರನ ಮೇಲೋ ಕೆಳಗೋ ಇಡಲು ಬೇಕಾದ ಆಧಾರ ನಮ್ಮಲ್ಲಿ ಯಾರ ಬಳಿಯೂ ಇಲ್ಲ.

ಒಬ್ಬೊಬ್ಬ ಆಟಗಾರನ ಮುಂದೆಯೂ ಎರಡು ಸಂಗತಿ ಬರೆಯಿರಿ: ಎನ್‌ಎಚ್‌ಎಲ್‌ನಲ್ಲಿ 200 ಪಂದ್ಯ ಆಡುವ ಸಂಭವ ಎಷ್ಟು, ಆಡಿದರೆ ಯಾವ ಪಾತ್ರದಲ್ಲಿ. ಒಬ್ಬನದು ಸಂಭವ ಹೆಚ್ಚು, ಪಾತ್ರ ಸಾಧಾರಣ. ಇನ್ನೊಬ್ಬನದು ಸಂಭವ ಕಡಿಮೆ, ಕೂಡಿ ಬಂದರೆ ಮೊದಲ ಲೈನು. ಇವರಿಬ್ಬರಲ್ಲಿ ಯಾರು ಮೇಲು ಎಂಬ ಜಗಳ ನಿಮ್ಮ ತಂಡಕ್ಕೆ ಏನು ಬೇಕು ಎಂಬುದರ ಮೇಲೆ ತೀರ್ಮಾನವಾಗಬೇಕು. ಎರಡೂ ಕಡೆಯವರು ಬೇರೆ ಬೇರೆ ಪ್ರಶ್ನೆಗೆ ಉತ್ತರ ಕೊಡುತ್ತಾ ಒಬ್ಬರನ್ನೊಬ್ಬರು ಮೂರ್ಖರೆಂದು ಕರೆಯುತ್ತಿರುತ್ತಾರೆ. ಮ್ಯಾನಿ ಮಲ್ಹೋತ್ರಾ 1998ರಲ್ಲಿ ಏಳನೆಯವನಾಗಿ ಆಯ್ಕೆಯಾದ. ಗೋಲು ಸುರಿಸುವವನಾಗಲಿಲ್ಲ. ಫೇಸ್‌ಆಫ್ (ಆಟ ಶುರುವಾಗುವಾಗ ಇಬ್ಬರ ನಡುವೆ ಪಕ್ ಬಿಡುವುದು) ಗೆಲ್ಲುವ, ಎದುರಾಳಿಯ ಪವರ್ ಪ್ಲೇ ತಡೆಯುವ ಸೆಂಟರ್ ಆಗಿ 991 ಪಂದ್ಯ ಆಡಿದ. 2025ರ ಕಾಲ್ಡರ್ ಕಪ್ ಗೆದ್ದ ಅಬಾಟ್ಸ್‌ಫರ್ಡ್ ತಂಡದ ಕೋಚ್ ಕೂಡ ಅವನೇ. ಡ್ರಾಫ್ಟಿನ ಮರುವರ್ಷದ ಪಾಯಿಂಟ್ ಪಟ್ಟಿಯಲ್ಲಿ ಇಂಥವನಿಗೆ ಕಾಲಂ ಇರುವುದಿಲ್ಲ.

ಅಂಕಿಸಂಖ್ಯೆಯ ಕ್ರಮಕ್ಕಿಂತ ಗುಂಪು ಮಾಡುವುದು ಒಳ್ಳೆಯದು. ಮೊದಲ ಗುಂಪಿನಲ್ಲಿ ಇಬ್ಬರು, ಎರಡರಲ್ಲಿ ನಾಲ್ವರು, ಮೂರರಲ್ಲಿ ಆರೇಳು ಮಂದಿ ಇರಲಿ. ಗುಂಪಿನೊಳಗೆ ಏಳನೆಯವನೋ ಒಂಬತ್ತನೆಯವನೋ ಎಂದು ವಾದಿಸಲು ಬೇಕಾದಷ್ಟು ನಿಖರತೆ ಈ ವಿದ್ಯೆಯಲ್ಲಿಲ್ಲ. ಪಟ್ಟಿಯನ್ನು ವರ್ಷಕ್ಕೆ ಎರಡು ಸಲ ತಿದ್ದಿದರೆ ಸಾಕು: ವಿಶ್ವ ಜೂನಿಯರ್ ಶುರುವಾಗುವ ಮುನ್ನ ಒಮ್ಮೆ, ಜೂನ್ ಡ್ರಾಫ್ಟಿನ ಹೊತ್ತಿಗೆ ಒಮ್ಮೆ.

ಈಗ ಒಂದು ಎಚ್ಚರಿಕೆ, ನಮ್ಮಂಥವರಿಗೂ ಹೊಸದು. ಡಬ್ಲ್ಯುಎಚ್‌ಎಲ್ ಸೇರಿದಂತೆ ಕೆನಡಾದ ಮೂರು ಮೇಜರ್ ಜೂನಿಯರ್ ಲೀಗುಗಳಲ್ಲಿ ಆಡಿದವರಿಗೆ ಅಮೆರಿಕದ ಕಾಲೇಜು ಹಾಕಿಯ ಬಾಗಿಲು ದಶಕಗಳ ಕಾಲ ಮುಚ್ಚಿತ್ತು. 2025ರ ಆಗಸ್ಟಿನಿಂದ ಅದು ತೆರೆದಿದೆ. ಡಬ್ಲ್ಯುಎಚ್‌ಎಲ್‌ನ ಮೆಡಿಸಿನ್ ಹ್ಯಾಟ್ ತಂಡದ ಗ್ಯಾವಿನ್ ಮೆಕೆನ್ನಾ ಮೊದಲ ವರ್ಷವೇ ಪೆನ್ ಸ್ಟೇಟ್ ವಿಶ್ವವಿದ್ಯಾಲಯಕ್ಕೆ ಹೋದ. ಜೂನಿಯರಿನಲ್ಲಿ ಉಳಿದಿರುತ್ತಿದ್ದ 18-19ರ ಬಲಿಷ್ಠರು ಕಾಲೇಜಿಗೆ ಹೋದರೆ ಜೂನಿಯರ್ ಲೀಗು ಎಳೆಯದಾಗುತ್ತದೆ, ಕಾಲೇಜು ಗಟ್ಟಿಯಾಗುತ್ತದೆ. ಅಲ್ಲಿಗೆ ಎರಡೂ ಕಡೆಯ ಹಳೆಯ ಗುಣಕಗಳು ಸವೆದ ಹಾಗೆಯೇ. ಹೊಸವು ಕೂಡಿಬರಲು ಎರಡು ಮೂರು ಸೀಸನ್ನಿನ ಅಂಕಿಗಳು ಬೇಕು. ಅಲ್ಲಿಯವರೆಗೆ ಯಾರಾದರೂ 2025-26ರ ಡಬ್ಲ್ಯುಎಚ್‌ಎಲ್ ಪಾಯಿಂಟುಗಳಿಗೆ 2019ರ ಗುಣಕ ಹಾಕಿ ಪಟ್ಟಿ ತಂದರೆ, ಗುಣಕದ ಕಾಲಂ ಅಳಿಸಿ, ಲೀಗಿನ ಹೆಸರು, ಆಡಿದ ನಿಮಿಷ, ಹುಟ್ಟಿದ ತಾರೀಖು ಇಷ್ಟನ್ನೇ ಉಳಿಸಿಕೊಂಡು ಓದಿ.